ಮಾಗಿದ ಮಾಲ್ಟ್, ಮಾಗಿಯ ಚಳಿ

ಮೊದಲು ಒಂದು ಸಣ್ಣ ಲೆಕ್ಕ. ಟೋಕಿಯೊದ ಒಂದು ಮನೆ, ಜನವರಿಯ ರಾತ್ರಿ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಜನ ಕೂರುವ ಕೋಣೆಯನ್ನಷ್ಟೇ ಬೆಚ್ಚಗಿಡುತ್ತಾರೆ. ಅಡುಗೆಮನೆಯೂ ಓಡಾಡುವ ಓಣಿಯೂ ಕೊರೆಯುತ್ತಿರುತ್ತವೆ. ವಿಸ್ಕಿಯ ಬಾಟಲಿ ಬೆಚ್ಚಗಿನ ಕೋಣೆಯಲ್ಲಿದೆ, ಅದರ ತಾಪ 20 ಡಿಗ್ರಿ ಸೆಲ್ಸಿಯಸ್. ಅಡುಗೆಮನೆಯ ಕಪಾಟಿನಿಂದ ಈಗಷ್ಟೇ ತಂದ ಕ್ರಿಸ್ಟಲ್ ಲೋಟದ ತಾಪ 5 ಡಿಗ್ರಿ. ಕೈಯಿಂದ ಕೆತ್ತಿದ, ದಪ್ಪ ತಳದ, ಕಾಲು ಕಿಲೊ ತೂಗುವ ಲೋಟ ಅದು. ಅದಕ್ಕೆ 30 ಮಿಲಿಲೀಟರ್ ವಿಸ್ಕಿ, ನಮ್ಮ ಕಡೆ ಸ್ಮಾಲ್ ಪೆಗ್ ಅನ್ನುವಷ್ಟು, ಸುರಿದರೆ ಏನಾಗುತ್ತದೆ?

ಒಂದು ಗ್ರಾಂ ಕ್ರಿಸ್ಟಲ್ ಗಾಜು ಒಂದು ಡಿಗ್ರಿ ಬೆಚ್ಚಗಾಗಲು ಸುಮಾರು 0.7 ಜೌಲ್ ಶಾಖ ಸಾಕು. ವಿಸ್ಕಿಗೆ ಹೆಚ್ಚು ಕಡಿಮೆ 4.2 ಜೌಲ್ ಬೇಕು. ಗ್ರಾಮಿಗೆ ಗ್ರಾಂ ಹೋಲಿಸಿದರೆ ಗಾಜು ಸೋಲುತ್ತದೆ. ಆದರೆ ಲೋಟ 250 ಗ್ರಾಂ ಇದೆ, ವಿಸ್ಕಿ 28 ಗ್ರಾಮಿನಷ್ಟು. ಗುಣಿಸಿ ನೋಡಿದರೆ ಲೋಟದ ಪಾಲಿಗೆ ಡಿಗ್ರಿಗೆ 175 ಜೌಲ್, ವಿಸ್ಕಿಯ ಪಾಲಿಗೆ 120 ಜೌಲ್. ಜಗ್ಗಾಟದಲ್ಲಿ ಲೋಟದ್ದೇ ಮೇಲುಗೈ. ಕೋಣೆಯ ಗಾಳಿಯನ್ನೂ ಕೈಯ ಬಿಸಿಯನ್ನೂ ಸದ್ಯಕ್ಕೆ ಬದಿಗಿಟ್ಟರೆ ಎರಡೂ 11 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತವೆ. ಒಂದು ಚೂರು ಐಸ್ ಹಾಕಲಿಲ್ಲ, ಒಂದು ಹನಿ ನೀರು ಬೆರೆಸಲಿಲ್ಲ. ವಿಸ್ಕಿ 9 ಡಿಗ್ರಿ ತಣಿದಿದೆ.

ಚಳಿಗಾಲದಲ್ಲಿ ಲೋಟ ಬರೀ ಪಾತ್ರೆಯಾಗಿ ಉಳಿಯುವುದಿಲ್ಲ, ಪಾನೀಯದ ಅರ್ಧ ಕೆಲಸವನ್ನು ಅದೇ ವಹಿಸಿಕೊಳ್ಳುತ್ತದೆ. ಏನು ಕಾಣಬೇಕು, ಯಾವ ಪರಿಮಳ ಯಾವಾಗ ಮೂಗಿಗೆ ಬರಬೇಕು, ಎಷ್ಟು ನೀರು ಸೇರಬೇಕು ಎಂಬುದನ್ನೆಲ್ಲ ಅದರ ತೂಕ, ಅದರ ಗೀರುಗಳು, ಅದರೊಳಗಿನ ಲೋಹ ಸೇರಿ ನಿರ್ಧರಿಸುತ್ತವೆ. ಜಪಾನಿನ ಕುಶಲಕರ್ಮಿಗಳು ಸುಮಾರು ಇನ್ನೂರು ವರ್ಷ ಕೈಯಿಂದ ಪಳಗಿಸಿದ ಆ ಲೋಟದ ಭೌತಶಾಸ್ತ್ರ ಈ ಅಧ್ಯಾಯದ ವಿಷಯ.

ತಾಪ ಇಳಿದರೆ ಮೊದಲು ಸೊರಗುವುದು ಪರಿಮಳ. ವಿಸ್ಕಿಯ ರುಚಿ ಎಂದು ನಾವು ಹೇಳುವುದರಲ್ಲಿ ಬಹುಪಾಲು ಮೂಗಿನದೇ ಕೆಲಸ. ಮೂಗಿಗೆ ಸಿಗಬೇಕಾದರೆ ಅಣುಗಳು ದ್ರವ ಬಿಟ್ಟು ಗಾಳಿಗೆ ಏರಬೇಕು. ಶುದ್ಧ ಎಥನಾಲಿನ ಆವಿಯ ಒತ್ತಡ 20 ಡಿಗ್ರಿಯಲ್ಲಿ ಸುಮಾರು 5.9 ಕಿಲೊಪ್ಯಾಸ್ಕಲ್ ಇದ್ದರೆ 10 ಡಿಗ್ರಿಯಲ್ಲಿ ಬರೀ 3.1. ಹತ್ತು ಡಿಗ್ರಿ ಇಳಿದದ್ದಕ್ಕೆ ಆವಿ ಹೆಚ್ಚು ಕಡಿಮೆ ಅರ್ಧವಾಯಿತು. ಹಾಗಾಗಿ ಚಳಿಯ ಮೊದಲ ಗುಟುಕಿನಲ್ಲಿ ಮೂಗು ಸುಡುವ ಘಾಟು ಕಡಿಮೆ. ಅದೇ ಹೊತ್ತಿಗೆ ವೆನಿಲಿನ್, ಗ್ವಾಯಕಾಲ್‌ನಂಥ ಮರದ ಮತ್ತು ಹೊಗೆಯ ಅಣುಗಳೂ ದ್ರವದೊಳಗೇ ಮುದುಡಿ ಕೂರುತ್ತವೆ. ಸುಲಭವಾಗಿ ಆವಿಯಾಗುವ ಎಸ್ಟರ್‌ಗಳ ಹಣ್ಣಿನ ವಾಸನೆ ಮಾತ್ರ ಒಂದಿಷ್ಟು ಸಿಗುತ್ತದೆ. ಲೋಟ ಅಂಗೈಯಲ್ಲಿ ಕುಳಿತು ಮೆಲ್ಲಗೆ ಬೆಚ್ಚಗಾದಂತೆ ಉಳಿದವು ಒಂದೊಂದಾಗಿ ಏಳುತ್ತವೆ. ಬೇಸಿಗೆಯ 30 ಡಿಗ್ರಿಯಲ್ಲಿ ಎಲ್ಲವೂ ಒಮ್ಮೆಲೇ ಮೇಲೆ ಬರುವುದರಿಂದ ಈ ಸರದಿ ಸಿಗುವುದೇ ಇಲ್ಲ. ಚಳಿಗಾಲದ ವಿಸ್ಕಿಗೆ ಅವಸರ ಕೂಡದು ಎನ್ನಲು ಕಾರಣ ಇದು.

ಲೋಟದ ಆಕಾರಕ್ಕೂ ತಾಪಕ್ಕೂ ಇರುವ ನಂಟನ್ನು ಕಣ್ಣಾರೆ ತೋರಿಸಿದ ಪ್ರಯೋಗ ಟೋಕಿಯೊದಲ್ಲೇ ನಡೆಯಿತು. ಟೋಕಿಯೊ ಮೆಡಿಕಲ್ ಅಂಡ್ ಡೆಂಟಲ್ ಯೂನಿವರ್ಸಿಟಿಯ ಕೊಜಿ ಮಿತ್ಸುಬಯಾಶಿ ಅವರ ತಂಡ 2015ರಲ್ಲಿ ಆಲ್ಕೊಹಾಲಿನ ಆವಿಯ ಚಿತ್ರ ತೆಗೆಯುವ ಕ್ಯಾಮೆರಾ ರೂಪಿಸಿತು. ಕಿಣ್ವ ಲೇಪಿಸಿದ ಜಾಲರಿಯನ್ನು ಲೋಟದ ಬಾಯಿಗೆ ಇಡುತ್ತಾರೆ. ಎಥನಾಲ್ ಆವಿ ತಾಗಿದಲ್ಲಿ ರಾಸಾಯನಿಕ ಕ್ರಿಯೆ ನಡೆದು ಬೆಳಕು ಮಿನುಗುತ್ತದೆ. ಅವರು ಪರೀಕ್ಷಿಸಿದ್ದು ದ್ರಾಕ್ಷಿಯ ವೈನನ್ನು. 13 ಡಿಗ್ರಿಯಲ್ಲಿ ವೈನ್ ಗ್ಲಾಸಿನ ಅಂಚಿನುದ್ದಕ್ಕೂ ಆವಿ ಬಳೆಯಾಕಾರದಲ್ಲಿ ಕೂಡಿತ್ತು, ನಡುವೆ ಘಾಟು ಕಡಿಮೆ ಇತ್ತು. ನೇರ ಗೋಡೆಯ ಲೋಟದಲ್ಲಿ ಈ ಬಳೆ ಕಾಣಲಿಲ್ಲ. ತಾಪವನ್ನು 25 ಡಿಗ್ರಿಗೆ ಏರಿಸಿದರೆ ವೈನ್ ಗ್ಲಾಸಿನಲ್ಲೂ ಬಳೆ ಅಳಿಸಿಹೋಯಿತು. ಜಪಾನಿನ ಕೆತ್ತನೆಯ ಲೋಟಗಳು ಸಾಮಾನ್ಯವಾಗಿ ಅಗಲ ಬಾಯಿಯವು, ಗೋಡೆ ಬಹುತೇಕ ನೇರ. ಪರಿಮಳವನ್ನು ಒಟ್ಟುಗೂಡಿಸಿ ಮೂಗಿಗೆ ಕೊಡುವುದರಲ್ಲಿ ಅವು ಮೊದಲ ದರ್ಜೆಯವಲ್ಲ, ಇದನ್ನು ನೇರವಾಗಿ ಹೇಳಬೇಕು. ವಿಸ್ಕಿ ಪರೀಕ್ಷಿಸುವವರು ಬಾಯಿ ಕಿರಿದಾದ ಪುಟ್ಟ ಗ್ಲಾಸನ್ನೇ ಹಿಡಿಯುತ್ತಾರೆ. ಕಣ್ಣಿಗೆ ಮತ್ತು ಕೈಗೆ ಮಾತ್ರ ಆ ಪುಟ್ಟ ಗ್ಲಾಸು ಕೊಡಲಾರದ್ದನ್ನು ಈ ಲೋಟ ಕೊಡುತ್ತದೆ.

ಈ ಲೋಟಗಳಿಗೆ ಎಡೊ ಕಿರಿಕೊ ಎಂದು ಹೆಸರು. ಎಡೊ ಎಂದರೆ ಟೋಕಿಯೊದ ಹಳೆಯ ಹೆಸರು. 1834ರಲ್ಲಿ ಎಡೊದ ಒಡೆನ್ಮಾಚೊದಲ್ಲಿ ಗಾಜಿನ ವ್ಯಾಪಾರ ಮಾಡುತ್ತಿದ್ದ ಕಗಯಾ ಕ್ಯುಬೆ ಎಂಬಾತ ಎಮರಿ ಪುಡಿಯಿಂದ ಗಾಜಿನ ಮೈಯನ್ನು ತಿಕ್ಕಿ ಚಿತ್ತಾರ ಮೂಡಿಸಿದ್ದೇ ಈ ಕಲೆಯ ಆರಂಭ ಎನ್ನುತ್ತಾರೆ. ಅರಸರ ಆಸರೆಯಿಲ್ಲದೆ ಪೇಟೆಯ ಜನರ ನಡುವೆ ಹುಟ್ಟಿದ ಕಲೆ ಇದು. 1881ರಲ್ಲಿ ಶಿನಗಾವಾದ ಗಾಜಿನ ಕಾರ್ಖಾನೆಗೆ ಇಮ್ಯಾನುಯೆಲ್ ಹಾಪ್ಟ್‌ಮನ್ ಎಂಬ ಇಂಗ್ಲೆಂಡಿನ ಕುಶಲಕರ್ಮಿಯನ್ನು ಸರ್ಕಾರ ಕರೆಸಿತು. ತಿರುಗುವ ಚಕ್ರಕ್ಕೆ ಗಾಜನ್ನು ಒತ್ತಿ ಕೆತ್ತುವ ವಿಧಾನವನ್ನು ಆತ ಹತ್ತಾರು ಜಪಾನೀ ಕೆಲಸಗಾರರಿಗೆ ಕಲಿಸಿದ. ಇಂದಿನ ಎಡೊ ಕಿರಿಕೊದ ಕೈಚಳಕ ಆ ಪಾಠದಿಂದ ಬೆಳೆದದ್ದು. 1985ರಲ್ಲಿ ಟೋಕಿಯೊ ಆಡಳಿತ, 2002ರಲ್ಲಿ ಜಪಾನ್ ಸರ್ಕಾರ ಇದನ್ನು ಪಾರಂಪರಿಕ ಕರಕುಶಲ ಎಂದು ಮಾನ್ಯ ಮಾಡಿದವು. ಇಂದಿಗೂ ಹೆಚ್ಚಿನ ಕೆಲಸ ನಡೆಯುವುದು ಟೋಕಿಯೊದ ಪೂರ್ವ ಭಾಗದ ಕೊಟೊ ಮತ್ತು ಸುಮಿದಾ ವಾರ್ಡುಗಳ ಸಣ್ಣ ಕೆಲಸದ ಮನೆಗಳಲ್ಲಿ.

ಕೆಲಸ ನಡೆಯುವ ರೀತಿ ನೋಡುವಂಥದ್ದು. ಊದಿ ಮಾಡಿದ ಲೋಟದ ಮೈಮೇಲೆ ಮೊದಲು ಅಡ್ಡ ಉದ್ದ ಗೆರೆ ಎಳೆದು ಅಳತೆ ಹಾಕಿಕೊಳ್ಳುತ್ತಾರೆ. ಇಡೀ ಚಿತ್ತಾರವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆ ಗೆರೆಗಳ ಚೌಕಟ್ಟಿನೊಳಗೆ ಎಲ್ಲಿ ಎಷ್ಟು ಆಳ ಎಂಬುದು ಕರ್ಮಿಯ ತಲೆಯಲ್ಲಿರುತ್ತದೆ. ಆಮೇಲೆ ಸಾಣೆ. ವಜ್ರದ ಹರಳು ಕೂರಿಸಿದ ಲೋಹದ ಚಕ್ರ ನೀರಿನಡಿ ತಿರುಗುತ್ತಿರುತ್ತದೆ. ಮೊದಲು ಒರಟು ಚಕ್ರ, ನಂತರ ನಯವಾದದ್ದು, ಕೊನೆಗೆ ಸಾಣೆಕಲ್ಲು. ಲೋಟದ ಹೊರಮೈ ಚಕ್ರಕ್ಕೆ ತಾಗಿರುತ್ತದೆ, ಕರ್ಮಿ ನೋಡುವುದು ಲೋಟದ ಒಳಗಿನಿಂದ. ಗಾಜಿನ ದಪ್ಪದ ಮೂಲಕ ಹಾದು ಬರುವ ಬೆಳಕೇ ಅವನ ದಾರಿದೀಪ. ಆದ್ದರಿಂದಲೇ ಕಪ್ಪು ಗಾಜಿನ ಕಿರಿಕೊ ಎಲ್ಲಕ್ಕಿಂತ ಕಷ್ಟದ್ದು. ಬೆಳಕು ಹಾಯದ ಗಾಜಿನಲ್ಲಿ ಗೀರು ಎಲ್ಲಿ ಮುಟ್ಟಿದೆ ಎಂದು ಕಾಣುವುದಿಲ್ಲ, ಬೆರಳಿಗೆ ಬರುವ ಅದುರನ್ನೂ ಕಿವಿಗೆ ಬೀಳುವ ಸದ್ದನ್ನೂ ನಂಬಿ ಕೆತ್ತಬೇಕು.

ಕೆತ್ತಿದ ಗೀರು ಮೊದಲು ಮಂಜು ಕವಿದಂತೆ ಬಿಳಿಚಿಕೊಂಡಿರುತ್ತದೆ. ಅದಕ್ಕೆ ಹೊಳಪು ತರುವ ದಾರಿ ಎರಡು. ಹೈಡ್ರೊಫ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಗಾಜಿನ ಮೇಲ್ಪದರ ಕರಗಿ ಎಲ್ಲ ಗೀರುಗಳೂ ಒಟ್ಟಿಗೆ ಹೊಳೆಯುತ್ತವೆ; ಕೆಲಸ ಬೇಗ, ಆದರೆ ಅಂಚುಗಳೂ ಅಷ್ಟಿಷ್ಟು ಕರಗಿ ಮೊಂಡಾಗುತ್ತವೆ. ಇನ್ನೊಂದು, ಮರದ ಮತ್ತು ಉಣ್ಣೆಬಟ್ಟೆಯ ಚಕ್ರಗಳಿಗೆ ನಯವಾದ ಪುಡಿ ಹಚ್ಚಿ ಒಂದೊಂದೇ ಗೀರನ್ನು ತಿಕ್ಕುವುದು. ಸಾವಿರಾರು ಗೀರುಗಳಿದ್ದರೆ ಸಾವಿರಾರು ಸಲ. ಕೈಯಲ್ಲಿ ತಿಕ್ಕಿದ ಲೋಟವನ್ನು ಬೆರಳಾಡಿಸಿಯೇ ಗುರುತಿಸಬಹುದು: ಎರಡು ಇಳಿಜಾರುಗಳು ಸೇರುವ ಏಣು ಖಚಿತವಾಗಿ ತಾಗುತ್ತದೆ. ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ಈ ಏಣಿಗೇ ಸಲ್ಲುತ್ತದೆ, ಅದು ನ್ಯಾಯವೂ ಹೌದು.

ಏಣು ಯಾಕೆ ಮುಖ್ಯ ಎಂಬುದು ಬೆಳಕಿಗೆ ಸಂಬಂಧಿಸಿದ ಪ್ರಶ್ನೆ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ 1.52ರಷ್ಟು. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಗಾಜು ಸೀಸದ ಆಕ್ಸೈಡ್ ಬೆರೆಸಿದ ಗಾಜಿಗೆ ದಾರಿ ತೋರಿತು. ಸೀಸದ ಅಯಾನು ದೊಡ್ಡದು, ಅದರ ಎಲೆಕ್ಟ್ರಾನುಗಳು ಬೆಳಕಿನ ಅಲೆಗೆ ಸುಲಭವಾಗಿ ಮಣಿಯುತ್ತವೆ. ಬೆಳಕು ನಿಧಾನವಾಗುತ್ತದೆ, ಹೆಚ್ಚು ಬಾಗುತ್ತದೆ. ಯುರೋಪಿನ 1969ರ ನಿಯಮದ ಪ್ರಕಾರ ಲೆಡ್ ಕ್ರಿಸ್ಟಲ್ ಅನ್ನಿಸಿಕೊಳ್ಳಲು ಗಾಜಿನಲ್ಲಿ ನೂರಕ್ಕೆ 24 ಭಾಗವಾದರೂ ಸೀಸದ ಆಕ್ಸೈಡ್ ಇರಬೇಕು, ಸೂಚ್ಯಂಕ 1.545ಕ್ಕೆ ಕಡಿಮೆ ಇರಬಾರದು. ವ್ಯತ್ಯಾಸ ಕೇಳಲು ಅಲ್ಪ. ಆದರೆ ಗಾಜಿನೊಳಗಿಂದ ಗೀರಿನ ಇಳಿಜಾರಿಗೆ 40 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದ ಬೆಳಕು ಹೊರಗೆ ಹೋಗಲಾರದೆ ಪೂರ್ತಿ ಪ್ರತಿಫಲಿಸುತ್ತದೆ. ಒಂದೊಂದು ಗೀರೂ ಬೆಳ್ಳಿ ಬಳಿಯದ ಕನ್ನಡಿಯಾಗುತ್ತದೆ. ತಳದಲ್ಲಿ ಕೆತ್ತಿದ ಸೇವಂತಿಗೆಯಂಥ ಚಿತ್ತಾರ ಗೋಡೆಯ ಸಾವಿರ ಕನ್ನಡಿಗಳಲ್ಲಿ ಬಿದ್ದು, ಮೇಲಿನಿಂದ ನೋಡಿದಾಗ ಲೋಟದ ತುಂಬ ಹೂವು ಅರಳಿದಂತೆ ತೋರುತ್ತದೆ. ಏಣು ಮೊಂಡಾಗಿದ್ದರೆ ಈ ಪ್ರತಿಬಿಂಬ ಕದಡುತ್ತದೆ.

ಈಗ ವಿಸ್ಕಿ ಸುರಿಯಿರಿ. ವಿಸ್ಕಿಯ ಸೂಚ್ಯಂಕ 1.355ರ ಹತ್ತಿರ, ಗಾಳಿಗಿಂತ ಗಾಜಿಗೇ ಸಮೀಪ. ಬರಿದಾದ ಲೋಟದ ಒಳಗೋಡೆ ನೇರ ಬಂದ ಬೆಳಕಿನಲ್ಲಿ ನೂರಕ್ಕೆ 4.6 ಭಾಗವನ್ನು ಹಿಂದಿರುಗಿಸುತ್ತಿತ್ತು. ವಿಸ್ಕಿ ತಾಗಿದ ಕಡೆ ಅದು ಅರ್ಧ ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಒಳಗೋಡೆ ಕಣ್ಣಿಗೆ ಮಾಯವಾಗಿ, ಹೊಂಬಣ್ಣದ ದ್ರವ ನೇರ ಹೊರಗಿನ ಗೀರುಗಳಿಗೇ ಅಂಟಿಕೊಂಡಂತೆ ಕಾಣುತ್ತದೆ. ವಿಸ್ಕಿಯ ಗೆರೆಯ ಮೇಲಿನ ಚಿತ್ತಾರ ಬೆಳ್ಳಿ, ಕೆಳಗಿನದು ಜೇನು. ಲೋಟವನ್ನು ಓರೆ ಮಾಡಿದರೆ ಗಡಿ ಸರಿಯುತ್ತದೆ.

ಬಣ್ಣದ ಲೋಟಗಳದ್ದು ಬೇರೆಯೇ ಸೊಗಸು. ಬಣ್ಣವಿಲ್ಲದ ತಿಳಿಗಾಜಿನ ಮೇಲೆ ಬಣ್ಣದ ಗಾಜಿನ ತೆಳುಪದರ ಹೊದಿಸಿ ಕೆತ್ತಿದಾಗ ಗೀರು ಬಿದ್ದಲ್ಲಿ ಒಳಗಿನ ತಿಳಿಗಾಜು ಇಣುಕುತ್ತದೆ. ವಿಸ್ಕಿ ನೀಲಿ ಬೆಳಕನ್ನು ಹೀರಿ ಹಳದಿ, ಕೆಂಪನ್ನು ಬಿಡುತ್ತದೆ. ಕಡುನೀಲಿ ಗಾಜು ಅದಕ್ಕೆ ತದ್ವಿರುದ್ಧ. ಎರಡೂ ಒಂದರ ಹಿಂದೊಂದು ಬಂದಾಗ ನೀಲಿ ಭಾಗ ಬಹುತೇಕ ಕಪ್ಪಾಗಿ, ಗೀರುಗಳು ಮಾತ್ರ ಹೊಂಬೆಳಕಿನಲ್ಲಿ ಎದ್ದು ಕಾಣುತ್ತವೆ. ಚಳಿಗಾಲದ ಮಂದ ದೀಪಕ್ಕೆ ನಾನು ಕಡುನೀಲಿಯನ್ನೇ ಮೆಚ್ಚುತ್ತೇನೆ. ವಿಸ್ಕಿಯ ನಿಜವಾದ ಬಣ್ಣ ನೋಡಬೇಕು ಎನ್ನುವವರಿಗೆ ಬಣ್ಣವಿಲ್ಲದ ಲೋಟವೇ ಸರಿ.

ದಕ್ಷಿಣದ ಕಗೋಶಿಮಾದಲ್ಲಿ ಇದರ ಸೋದರ ಕಲೆ ಇತ್ತು, ಸತ್ಸುಮಾ ಕಿರಿಕೊ. 1846ರಲ್ಲಿ ಶಿಮಾಜು ನರಿಯೊಕಿ ಎಂಬ ದೊರೆ ಔಷಧಿಯ ಬಾಟಲಿಗಾಗಿ ಎಡೊದಿಂದ ಗಾಜುಗಾರನನ್ನು ಕರೆಸಿದ. 1851ರಲ್ಲಿ ಪಟ್ಟಕ್ಕೆ ಬಂದ ಮಗ ನರಿಯಾಕಿರ ಗಾಜಿನ ಸಂಶೋಧನೆಗೆ ಬೆನ್ನೆಲುಬಾಗಿ ನಿಂತು, ತಾಮ್ರದಿಂದ ಕೆಂಪು ಬಣ್ಣ ತೆಗೆಯಿಸಿದ. ಅಲ್ಲಿ ಬಣ್ಣದ ಪದರ ದಪ್ಪ. ಬೆಳಕು ಹಾಯುವ ಬಣ್ಣದ ದಪ್ಪ ಕಡಿಮೆಯಾದಂತೆ ಹಾದು ಬರುವ ಬೆಳಕು ಘಾತೀಯವಾಗಿ ಹೆಚ್ಚುತ್ತದೆ; ಆದ್ದರಿಂದ ಓರೆಯಾಗಿ ಕೆತ್ತಿದ ಇಳಿಜಾರಿನಲ್ಲಿ ಕಡುಗೆಂಪು ಗುಲಾಬಿಯಾಗಿ, ಗುಲಾಬಿ ಬಿಳಿಯಾಗಿ ಕರಗುತ್ತಾ ಹೋಗುತ್ತದೆ. 1858ರಲ್ಲಿ ನರಿಯಾಕಿರ ತೀರಿಕೊಂಡ. 1863ರಲ್ಲಿ ಬ್ರಿಟಿಷ್ ನೌಕಾಪಡೆಯ ಗುಂಡಿನ ದಾಳಿಗೆ ಅವನ ಕಾರ್ಖಾನೆಗಳು ಸುಟ್ಟವು, ಮುಂದೆ ಕಲೆಯೂ ಅಳಿಯಿತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1985ರಲ್ಲಿ, ಉಳಿದಿದ್ದ ಲೋಟಗಳನ್ನು ಅಳೆದು ನೋಡಿ ಅದಕ್ಕೆ ಮರುಜೀವ ಕೊಟ್ಟರು.

ಲೋಟದ ಕಥೆಯೂ ವಿಸ್ಕಿಯ ಕಥೆಯೂ 1934ರಲ್ಲಿ ಅಕ್ಕಪಕ್ಕ ಬರುತ್ತವೆ. ಜರ್ಮನಿಯಲ್ಲಿ ಕಲಿತು ಬಂದ ಕಗಾಮಿ ಕೊಜೊ ಜಪಾನಿನ ಮೊದಲ ಕ್ರಿಸ್ಟಲ್ ಗಾಜಿನ ಕಾರ್ಖಾನೆ ತೆರೆದದ್ದು ಆ ವರ್ಷ. ಮಸತಾಕ ತಕೆತ್ಸುರು ಉತ್ತರದ ಹೊಕ್ಕೈಡೊದ ಯೊಯಿಚಿಯಲ್ಲಿ ತನ್ನ ಕಂಪನಿ ಕಟ್ಟಿದ್ದೂ ಅದೇ ವರ್ಷ. ತಕೆತ್ಸುರು 1918ರಲ್ಲಿ ಸ್ಕಾಟ್‌ಲೆಂಡಿಗೆ ಹೋಗಿ ಗ್ಲಾಸ್ಗೊದಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲಿನ ಡಿಸ್ಟಿಲರಿಗಳಲ್ಲಿ ದುಡಿದು ಬಂದವನು. ಶಿಂಜಿರೊ ತೊರಿ 1923ರಲ್ಲಿ ಕ್ಯೋಟೊ ಬಳಿಯ ಯಮಜಾಕಿಯಲ್ಲಿ ಕಟ್ಟಲು ತೊಡಗಿದ ಜಪಾನಿನ ಮೊದಲ ಮಾಲ್ಟ್ ಡಿಸ್ಟಿಲರಿಯಲ್ಲೂ ದುಡಿದಿದ್ದ. ಹಿಮ ಬೀಳುವ ಯೊಯಿಚಿಯನ್ನು ಅವನು ಆರಿಸಿಕೊಂಡದ್ದು ಸ್ಕಾಟ್‌ಲೆಂಡಿನ ಹವೆಗೆ ಹತ್ತಿರ ಎಂದು. ಅಲ್ಲಿ ಇಂದಿಗೂ ಭಟ್ಟಿಗಳಿಗೆ ಕಲ್ಲಿದ್ದಲಿನ ನೇರ ಉರಿ.

ಪೀಪಾಯಿಯೊಳಗೂ ಚಳಿಯ ಕೈವಾಡ ಇದೆ. ತಣ್ಣಗಿನ ಊರಿನಲ್ಲಿ ಮರದ ಸಾರ ನಿಧಾನವಾಗಿ ಇಳಿಯುತ್ತದೆ, ಆವಿಯಾಗಿ ಹೋಗುವುದೂ ಕಡಿಮೆ. ಸ್ಕಾಟ್‌ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ 2 ಭಾಗದಷ್ಟು ಪೀಪಾಯಿಯಿಂದ ಹಾರಿಹೋದರೆ, 2004ರಲ್ಲಿ ಗ್ಲಾಸ್ಗೊದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಈ ನಷ್ಟ ನೂರಕ್ಕೆ ಹತ್ತನ್ನು ದಾಟುತ್ತದೆ. ಅದೇ ಬಿಸಿಯಿಂದ ಅಲ್ಲಿನ ಮದ್ಯ ಬೇಗ ಮಾಗುತ್ತದೆ. ಜಪಾನಿನ ಮಿಜುನಾರಾ ಓಕ್ ಮರದ ಪೀಪಾಯಿ ಇನ್ನೊಂದು ತುದಿ. ಅದು ಸೋರುವ ಮರ, ಬಗ್ಗಿಸಲು ಕಷ್ಟ, ದಶಕಗಳ ತಾಳ್ಮೆ ಬೇಡುತ್ತದೆ. ಕೊನೆಗೆ ಅದು ಕೊಡುವ ಪರಿಮಳವನ್ನು ಅಲ್ಲಿನವರು ಶ್ರೀಗಂಧಕ್ಕೂ ದೇವಾಲಯದ ಧೂಪಕ್ಕೂ ಹೋಲಿಸುತ್ತಾರೆ. ನಮ್ಮ ನಾಡಿನ ಮೂಗಿಗೆ ಅದು ತಟ್ಟನೆ ಪರಿಚಯವಾಗುವ ವಾಸನೆ.

ಚಳಿಗಾಲದ ಲೋಟದಲ್ಲಿ ಕೆಲವರನ್ನು ಗಾಬರಿಗೊಳಿಸುವ ಒಂದು ಸಂಗತಿ ನಡೆಯುತ್ತದೆ: ತಿಳಿಯಾಗಿದ್ದ ವಿಸ್ಕಿ ಮಸುಕಾಗುತ್ತದೆ. ವಿಸ್ಕಿಯಲ್ಲಿ ಎಥೈಲ್ ಲಾರೇಟ್, ಎಥೈಲ್ ಪಾಮಿಟೇಟ್‌ನಂಥ ಉದ್ದ ಸರಪಳಿಯ ಎಸ್ಟರ್‌ಗಳಿವೆ. ಇವು ಆಲ್ಕೊಹಾಲಿನಲ್ಲಿ ಕರಗುತ್ತವೆ, ನೀರಿಗೆ ಒಲ್ಲವು. ಆಲ್ಕೊಹಾಲ್ ನೂರಕ್ಕೆ 46 ಭಾಗಕ್ಕಿಂತ ಕಡಿಮೆಯಿದ್ದು ತಾಪವೂ ಇಳಿದರೆ ಕರಗಿ ನಿಲ್ಲಲಾರದೆ ಅತಿ ಸಣ್ಣ ಹನಿಗಳಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತವೆ. ಬಹಳಷ್ಟು ತಯಾರಕರು ಮೊದಲೇ ತಣಿಸಿ ಸೋಸಿ ಇವನ್ನು ತೆಗೆದುಬಿಡುತ್ತಾರೆ. ಸೋಸದ ವಿಸ್ಕಿಯಲ್ಲಿ ಅವು ಉಳಿಯುತ್ತವೆ. ಮಸುಕಾದ ವಿಸ್ಕಿ ಕೆಟ್ಟದ್ದಲ್ಲ, ಬೆಚ್ಚಗಾದರೆ ತಿಳಿಯಾಗುತ್ತದೆ.

ಲೋಟವನ್ನು ಮೆಲ್ಲಗೆ ತಿರುಗಿಸಿದರೆ ಒಳಗೋಡೆಯಲ್ಲಿ ಹನಿಗಳು ಸಾಲಾಗಿ ಇಳಿಯುತ್ತವೆ. ತೆಳು ಪದರದಿಂದ ಎಥನಾಲ್ ಬೇಗ ಹಾರಿಹೋಗುತ್ತದೆ, ಅಲ್ಲಿ ನೀರಿನ ಪಾಲು ಹೆಚ್ಚಿ ಮೇಲ್ಮೈ ಎಳೆತವೂ ಹೆಚ್ಚುತ್ತದೆ; ಆ ಎಳೆತ ಕೆಳಗಿನ ದ್ರವವನ್ನು ಗೋಡೆಯ ಮೇಲಕ್ಕೆ ಜಗ್ಗುತ್ತದೆ, ಮೇಲೆ ಕೂಡಿದ್ದು ಭಾರ ತಾಳದೆ ಹನಿಯಾಗಿ ಜಾರುತ್ತದೆ. ಇದನ್ನು 1855ರಲ್ಲಿ ವಿವರಿಸಿದವನು ಲಾರ್ಡ್ ಕೆಲ್ವಿನ್‌ನ ಅಣ್ಣ ಜೇಮ್ಸ್ ಥಾಮ್ಸನ್. ಮುಂದೆ ಈ ಪರಿಣಾಮಕ್ಕೆ ಇಟಲಿಯ ಕಾರ್ಲೊ ಮರಂಗೊನಿಯ ಹೆಸರು ನಿಂತಿತು. ಆವಿಯಾಗುವಿಕೆಯೇ ಇದರ ಚಾಲಕಶಕ್ತಿಯಾದ್ದರಿಂದ ತಣ್ಣಗಿನ ಲೋಟದಲ್ಲಿ ಈ ಆಟ ನಿಧಾನ. ಕಿರಿಕೊದ ಕೆತ್ತನೆಯೆಲ್ಲ ಹೊರಗೆ, ಒಳಗೋಡೆ ನುಣುಪು. ಹನಿಗಳ ಹಾದಿಗೆ ಅಡ್ಡಿಯಿಲ್ಲ.

ನೀರು ಬೆರೆಸುವುದೋ ಬೇಡವೋ? 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಅನುಕರಿಸಿ ನೋಡಿದರು. ಆಲ್ಕೊಹಾಲ್ ನೂರಕ್ಕೆ 45 ಭಾಗದವರೆಗೆ ಇದ್ದಾಗ ಹೊಗೆವಾಸನೆಯ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಯಲ್ಲಿ ಕೂಡುತ್ತಿದ್ದವು. 59 ದಾಟಿದರೆ ಎಥನಾಲ್ ಅವನ್ನು ಸುತ್ತುವರಿದು ಒಳಗೆ ಎಳೆದುಕೊಳ್ಳುತ್ತಿತ್ತು. ಕಡುವಾದ ವಿಸ್ಕಿಗೆ ಒಂದಿಷ್ಟು ನೀರು ಹಾಕಿದರೆ ಪರಿಮಳ ತೆರೆಯುತ್ತದೆ ಎಂಬ ಹಳೆಯ ಅನುಭವಕ್ಕೆ ಇದು ಒಳ್ಳೆಯ ವಿವರಣೆ. ಚಳಿಯಲ್ಲಿ ಮುದುಡಿದ ಪರಿಮಳಕ್ಕೂ ಈ ಕೆಲವು ಹನಿ ನೆರವಾಗಬಹುದು.

ಐಸಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಒಂದು ಗ್ರಾಂ ಐಸ್ ಕರಗಲು 334 ಜೌಲ್ ಬೇಕು. 20 ಡಿಗ್ರಿಯ 30 ಮಿಲಿಲೀಟರ್ ವಿಸ್ಕಿಯನ್ನು ಸೊನ್ನೆಗೆ ಇಳಿಸಲು ಕರಗಬೇಕಾದ ಐಸ್ ಸುಮಾರು 7 ಗ್ರಾಂ. ಲೋಟವೂ 20 ಡಿಗ್ರಿಯಲ್ಲಿದ್ದರೆ ಅದನ್ನು ತಣಿಸಲು ಇನ್ನೂ 10 ಗ್ರಾಮಿಗೂ ಹೆಚ್ಚು! ವಿಸ್ಕಿಗಿಂತ ಲೋಟವೇ ಹೆಚ್ಚು ಐಸ್ ನುಂಗುತ್ತದೆ. ಲೋಟ ಮೊದಲೇ 5 ಡಿಗ್ರಿಯಲ್ಲಿದ್ದರೆ ಅದರ ಪಾಲು 3 ಗ್ರಾಮಿನೊಳಗೆ ಮುಗಿಯುತ್ತದೆ. ನೂರಕ್ಕೆ 40 ಭಾಗದ ವಿಸ್ಕಿ ಬೆಚ್ಚಗಿನ ಲೋಟದಲ್ಲಿ 25ರವರೆಗೆ ತೆಳುವಾದರೆ, ತಣ್ಣಗಿನ ಲೋಟದಲ್ಲಿ 30ರಲ್ಲೇ ನಿಲ್ಲುತ್ತದೆ. ಜಪಾನಿನ ಬಾರ್‌ಗಳಲ್ಲಿ ಐಸನ್ನು ಚಾಕುವಿನಿಂದ ಕೆತ್ತಿ ಗುಂಡಗೆ ಮಾಡುವುದಕ್ಕೂ ಇಂಥದೇ ಕಾರಣ: ಅಷ್ಟೇ ಗಾತ್ರದ ಕ್ಯೂಬಿಗೆ ಗೋಳಕ್ಕಿಂತ ನೂರಕ್ಕೆ 24 ಭಾಗ ಹೆಚ್ಚು ಮೈ ಇರುತ್ತದೆ, ಗೋಳ ನಿಧಾನವಾಗಿ ಕರಗುತ್ತದೆ.

ಚಳಿ ಹೆಚ್ಚಾದಾಗ ಜಪಾನಿನಲ್ಲಿ ವಿಸ್ಕಿಗೆ ಬಿಸಿನೀರು ಬೆರೆಸಿ ಕುಡಿಯುವ ರೂಢಿಯೂ ಇದೆ, ಅದಕ್ಕೆ ಒಯುವಾರಿ ಎನ್ನುತ್ತಾರೆ. ಪರಿಮಳ ತುಂಬಿ ಏಳುತ್ತದೆ, ನಿಜ. ಅದನ್ನು ಕಿರಿಕೊ ಲೋಟದಲ್ಲಿ ಮಾತ್ರ ಮಾಡಬೇಡಿ. 5 ಡಿಗ್ರಿಯ ಲೋಟಕ್ಕೆ 90 ಡಿಗ್ರಿಯ ನೀರು ಬಿದ್ದರೆ ಒಳಮೈ ತಕ್ಷಣ ಹಿಗ್ಗುತ್ತದೆ. ಗಾಜು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಹೊರಮೈ ಇನ್ನೂ ತಣ್ಣಗೇ ಇದ್ದು ಎಳೆತಕ್ಕೆ ಸಿಕ್ಕುತ್ತದೆ. ಈ ಒತ್ತಡ ಹತ್ತಾರು ಮೆಗಾಪ್ಯಾಸ್ಕಲ್‌ನ ಆಸುಪಾಸಿಗೆ ಏರಬಲ್ಲದು ಎಂದು ಲೆಕ್ಕ ಹೇಳುತ್ತದೆ, ಬಳಸಿದ ಗಾಜು ಅದಕ್ಕಿಂತ ಕಡಿಮೆಯಲ್ಲೇ ಒಡೆಯಬಹುದು. ಜೊತೆಗೆ 1921ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ತೋರಿಸಿದಂತೆ ಗಾಜು ಒಡೆಯುವುದು ಅದರ ಮೈಮೇಲಿನ ಸಣ್ಣ ಬಿರುಕುಗಳಿಂದ. ಚೂಪಾದ ತಗ್ಗಿನಲ್ಲಿ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ. ಕಿರಿಕೊದ ಹೊರಮೈ ತುಂಬ ಇರುವುದು ಅಂಥ ತಗ್ಗುಗಳೇ. ಬೆಳಕನ್ನು ಹಿಡಿಯುವ ಗೀರೇ ಬಿರುಕಿಗೂ ಬಾಗಿಲು. ಗೀಸರಿನ ಬಿಸಿನೀರಿನಲ್ಲಿ ತೊಳೆಯುವುದೂ ಡಿಶ್‌ವಾಷರಿಗೆ ಹಾಕುವುದೂ ಅಷ್ಟೇ ಅಪಾಯ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಬಟ್ಟೆ ಸಾಕು. ಒಯುವಾರಿಗೆ ಬೋರೊಸಿಲಿಕೇಟ್ ಗಾಜಿನ ಕಪ್ ಅಥವಾ ಪಿಂಗಾಣಿ ಇರಲಿ.

ವಿಸ್ಕಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆಗುವುದು ತದ್ವಿರುದ್ಧ. ಆಲ್ಕೊಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬೆಚ್ಚಗಿನ ರಕ್ತ ಚರ್ಮಕ್ಕೆ ಬಂದಾಗ ಅಲ್ಲಿನ ನರಗಳು ಬಿಸಿಯನ್ನು ಗ್ರಹಿಸುತ್ತವೆ, ಆದರೆ ಆ ಶಾಖ ಹೊರಗೆ ಸೋರಿಹೋಗಿ ದೇಹದ ಒಳತಾಪ ಇಳಿಯುತ್ತದೆ. ನಡುಕವೂ ಕಡಿಮೆಯಾಗುವುದರಿಂದ ಚಳಿಯ ಎಚ್ಚರಿಕೆಯೂ ತಪ್ಪುತ್ತದೆ. ಹಿಮದ ಊರುಗಳಲ್ಲಿ ಕುಡಿದು ಹೊರಗೆ ಮಲಗಿದವರು ಸಾಯುವುದು ಹೀಗೆ. ಕುಡಿಯುವುದಿದ್ದರೆ ಬೆಚ್ಚಗಿನ ಕೋಣೆಯಲ್ಲಿ, ಸ್ವಲ್ಪವೇ. ಆಲ್ಕೊಹಾಲಿನ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರಿಗೆ ಕಿರಿಕೊದ ಸೊಗಸೇನೂ ತಪ್ಪುವುದಿಲ್ಲ. ಜಪಾನೀಯರು ಹುರಿದ ಬಾರ್ಲಿಯಿಂದ ಮಾಡುವ ತಣ್ಣನೆಯ ಚಹಾ ಕೂಡ ಹೊಂಬಣ್ಣದ್ದೇ, ಗೀರುಗಳಲ್ಲಿ ಅದೇ ರೀತಿ ಬೆಳಗುತ್ತದೆ.

ಇನ್ನು ಸೀಸದ ವಿಷಯ, ಇದನ್ನು ಮನೆಯವರಿಗೂ ಓದಿ ಹೇಳಿ. ಲೆಡ್ ಕ್ರಿಸ್ಟಲ್ಲಿನಿಂದ ಸೀಸ ಪಾನೀಯಕ್ಕೆ ಇಳಿಯುತ್ತದೆ, ಎಷ್ಟು ಹೊತ್ತು ತಾಗಿರುತ್ತದೋ ಅಷ್ಟು ಹೆಚ್ಚು. 1991ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಗ್ರಾಜಿಯಾನೊ ಮತ್ತು ಕಾನ್ರಾಡ್ ಬ್ಲಮ್ ಪೋರ್ಟ್ ವೈನನ್ನು ಕ್ರಿಸ್ಟಲ್ ಡಿಕ್ಯಾಂಟರುಗಳಲ್ಲಿಟ್ಟು ಅಳೆದರು. ಲೀಟರಿಗೆ 89 ಮೈಕ್ರೊಗ್ರಾಂ ಇದ್ದ ಸೀಸ ನಾಲ್ಕು ತಿಂಗಳಲ್ಲಿ 3,518ಕ್ಕೆ ಏರಿತ್ತು. ವರ್ಷಗಟ್ಟಲೆ ಇಟ್ಟ ಬ್ರಾಂಡಿಯಲ್ಲಿ 20,000ವನ್ನೂ ಮೀರಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಲೋಟದಲ್ಲಿ ಅರ್ಧ ಗಂಟೆ ಇರುವ ಒಂದು ಪೆಗ್ಗಿಗೆ ಇಳಿಯುವುದು ಇದರ ಸಣ್ಣ ಅಂಶ ಮಾತ್ರ. ಹೊಸ ಲೋಟಗಳಲ್ಲಿ ಸೀಸದ ಬದಲು ಬೇರಿಯಂ, ಸತು, ಟೈಟೇನಿಯಂ ಆಕ್ಸೈಡ್‌ಗಳನ್ನು ಬೆರೆಸಿದವೂ ಧಾರಾಳವಾಗಿ ಸಿಗುತ್ತವೆ. ಕೊಳ್ಳುವಾಗ ಕೇಳಿ, ಸೀಸವಿಲ್ಲದ್ದನ್ನೇ ಆರಿಸಿ. ಗರ್ಭಿಣಿಯರೂ ಮಕ್ಕಳೂ ಹಳೆಯ ಕ್ರಿಸ್ಟಲ್ಲಿನಲ್ಲಿ ಏನನ್ನೂ, ಹಣ್ಣಿನ ರಸವನ್ನೂ, ಕುಡಿಯುವುದು ಬೇಡ. ಪರದೇಶದಿಂದ ಉಡುಗೊರೆಯಾಗಿ ಬಂದ ಹಳೆಯ ಕ್ರಿಸ್ಟಲ್ ಡಿಕ್ಯಾಂಟರ್ ನಿಮ್ಮ ಷೋಕೇಸಿನಲ್ಲಿದ್ದು ಅದರಲ್ಲಿ ಏನಾದರೂ ತುಂಬಿಟ್ಟಿದ್ದರೆ, ಇವತ್ತೇ ಚೆಲ್ಲಿ, ತೊಳೆದು, ಖಾಲಿ ಇಡಿ.